ಆಟಕ್ಕುಂಟು, ಯುರೋಪಿಗಿಲ್ಲ

ಮದುವೆ ಮನೆಯ ಊಟದ ಪಂಕ್ತಿಗೆ ಯಾರೂ ನಿಯಮಾವಳಿ ಅಚ್ಚು ಹಾಕಿಸುವುದಿಲ್ಲ. ಮೊದಲ ಪಂಕ್ತಿ ಬೀಗರಿಗೆ, ಎರಡನೆಯದು ನೆಂಟರಿಗೆ, ಮೂರನೆಯವರಿಗೆ ಹೋಳಿಗೆ ಮುಗಿಯಿತೆಂಬ ಸುದ್ದಿ. ಯುರೋಪಿನ ಕ್ಲಬ್ ರಗ್ಬಿಯಲ್ಲೂ ಪದ್ಧತಿ ಇದೇ. ಆದರೆ ಅಲ್ಲಿ ಇದಕ್ಕೊಂದು ನಿಯಮಾವಳಿ ಇದೆ. ಅದನ್ನು ಕಾಯಲು ಸ್ವಿಟ್ಜರ್ಲೆಂಡಿನಲ್ಲಿ ಒಂದು ಕಚೇರಿಯೂ ಇದೆ. ಆ ದೇಶದ ಒಂದು ಕ್ಲಬ್ಬಿಗೂ ಈ ಪಂಕ್ತಿಗಳಲ್ಲಿ ಎಲೆ ಹಾಕಿಲ್ಲ. ಬಹುಶಃ ಬಡಿಸುವವರು ಹಸಿದವರಾಗಿರಬಾರದು ಎಂಬ ಮುಂದಾಲೋಚನೆ.

ಮೊದಲ ಪಂಕ್ತಿಯ ಹೆಸರು ಚಾಂಪಿಯನ್ಸ್ ಕಪ್. ಎರಡನೆಯದು ಚಾಲೆಂಜ್ ಕಪ್. ಈ ಏರ್ಪಾಡು ಬಂದದ್ದು 2014ರಲ್ಲಿ. ಅದಕ್ಕೆ ಮೊದಲು 24 ತಂಡಗಳ ಹೈನೆಕೆನ್ ಕಪ್ ಇತ್ತು. ನಾವು ಲೀಗಿನಲ್ಲಿ ಬೆವರು ಸುರಿಸಿ ಅರ್ಹತೆ ಗಳಿಸುತ್ತೇವೆ, ಐರ್ಲೆಂಡ್, ಸ್ಕಾಟ್ಲೆಂಡ್, ಇಟಲಿಯವರು ಕಾಲು ಚಾಚಿಕೊಂಡೇ ಒಳಗೆ ಬರುತ್ತಾರೆ ಎಂದು ಇಂಗ್ಲೆಂಡ್, ಫ್ರಾನ್ಸಿನ ಕ್ಲಬ್ಬುಗಳು ಮುನಿಸಿಕೊಂಡವು. ಮುನಿಸಿನ ಹಿಂದೆ ದುಡ್ಡಿನ ಲೆಕ್ಕವೂ ಇತ್ತು ಎನ್ನುವುದನ್ನು ಬಿಡಿ, ಬೀಗರ ಮುನಿಸಿನ ಹಿಂದೆ ಅದು ಯಾವತ್ತೂ ಇರುತ್ತದೆ. ಹಳೆಯ ಕಪ್ಪು ಹೋಯಿತು, 20 ತಂಡಗಳ ಹೊಸದು ಬಂತು. ಇನ್ನು ಮುಂದೆ ಅರ್ಹತೆಯೊಂದೇ ಮಾನದಂಡ ಎಂದು ಡಂಗುರ ಸಾರಲಾಯಿತು.

ಆ ಅರ್ಹತೆಯ ಸ್ವರೂಪ ನೋಡಿ. ಸೆಲ್ಟಿಕ್ ದೇಶಗಳಾದ ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಇಟಲಿಯ ಹನ್ನೆರಡು ತಂಡಗಳ ಪ್ರೊ12 ಲೀಗಿಗೆ ಆಗ ಏಳು ಎಲೆ. ಆದರೆ ನಾಲ್ಕು ದೇಶಗಳಿಗೂ ಒಂದೊಂದು ಎಲೆ ಖಾಯಂ ಆಗಿತ್ತು. 2015-16ರಲ್ಲಿ ಇಟಲಿಯ ಎರಡು ತಂಡಗಳು ಬಂದು ನಿಂತದ್ದು ಕಟ್ಟಕಡೆಯ ಎರಡು ಸ್ಥಾನಗಳಲ್ಲಿ. ಹನ್ನೊಂದನೆಯದಾದ ಜೆಬ್ರೆ, ಹನ್ನೆರಡನೆಯವನು ತನ್ನ ದೇಶದವನೇ ಆಗಿದ್ದ ಪುಣ್ಯದಿಂದ ಮೊದಲ ಪಂಕ್ತಿಗೆ ಹೋಯಿತು. ಏಳನೆಯದಾದ ವೇಲ್ಸಿನ ಕಾರ್ಡಿಫ್ ಬ್ಲೂಸ್ ಎರಡನೆಯ ಪಂಕ್ತಿಗೆ. ಜೆಬ್ರೆ ಎಂದರೆ ಇಟಾಲಿಯನ್ನಿನಲ್ಲಿ ಜೀಬ್ರಾಗಳು. ಈ ಪ್ರಾಣಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇಪ್ಪತ್ತನೆಯ ಎಲೆಗೆ ಆಗ ಪ್ಲೇ-ಆಫ್ ಎಂಬ ಪೂರಕ ಪರೀಕ್ಷೆ ಇತ್ತು. 2015ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ತಂಡ ಎಡಿನ್‌ಬರೋವನ್ನು ಸೋಲಿಸಿ ಚಾಲೆಂಜ್ ಕಪ್ ಗೆದ್ದಿತು. ಗೆದ್ದವರಿಗೆ ಮುಂದಿನ ವರ್ಷ ಮೊದಲ ಪಂಕ್ತಿ ಎಂದು ನೀವು ಅಂದುಕೊಂಡಿದ್ದರೆ ನಿಮಗೆ ಆಡಳಿತದ ಅನುಭವ ಸಾಲದು. ಕಪ್ಪನ್ನು ಕಪಾಟಿನಲ್ಲಿಟ್ಟು ಬನ್ನಿ, ಪರೀಕ್ಷೆ ಇದೆ ಎಂದರು. ಗ್ಲಾಸ್ಟರ್ ಐರ್ಲೆಂಡಿನ ಕೊನಾಕ್ಟ್ ತಂಡವನ್ನು ಹೆಚ್ಚುವರಿ ಸಮಯದಲ್ಲಿ ಹೇಗೋ ಮಣಿಸಿತು, ಮುಂದಿನ ವಾರ ಫ್ರಾನ್ಸಿನ ಬೋರ್ಡೋ ಎದುರು 22-23ರಿಂದ ಸೋತಿತು. 2017ರಲ್ಲಿ ಚಾಲೆಂಜ್ ಕಪ್ ಗೆದ್ದದ್ದು ಪ್ಯಾರಿಸಿನ ಸ್ಟಾಡ್ ಫ್ರಾನ್ಸೆ. ಅದಕ್ಕೂ ಅದೇ ಪರೀಕ್ಷೆ, ಎದುರಿಗೆ ಇಂಗ್ಲೆಂಡಿನ ನಾರ್ಥಾಂಪ್ಟನ್, ಫಲಿತಾಂಶ ಮತ್ತೆ 22-23. ಪ್ರಶ್ನೆಪತ್ರಿಕೆಯನ್ನಾದರೂ ಬದಲಾಯಿಸಬಾರದಿತ್ತೇ?

ಇದೆಲ್ಲ ಒಳಗಿದ್ದವರ ಸಂಕಟ. ಕೈ ತೊಳೆಯುವ ನಲ್ಲಿಯ ಬಳಿ ನಿಂತವರದು ಬೇರೆಯದೇ ಕಥೆ. ರುಮೇನಿಯಾ, ರಷ್ಯಾ, ಜರ್ಮನಿ, ಜಾರ್ಜಿಯಾ, ಜೊತೆಗೆ ಇಟಲಿಯ ದೇಶೀ ಲೀಗಿನ ಕ್ಲಬ್ಬುಗಳಿಗಾಗಿ ಒಂದು ಅರ್ಹತಾ ಪಂದ್ಯಾವಳಿ ಹುಟ್ಟಿತು. ಆಮೇಲೆ ಅದಕ್ಕೆ ಕಾಂಟಿನೆಂಟಲ್ ಶೀಲ್ಡ್ ಎಂಬ ಹೆಸರೂ ಬಂತು. ಇಡೀ ಖಂಡವೇ ಅದರಲ್ಲಿತ್ತು. ಬಹುಮಾನ ಮಾತ್ರ ಎರಡನೆಯ ಪಂಕ್ತಿಯ ಮೂಲೆಯಲ್ಲಿ ಒಂದೆರಡು ಎಲೆ.

ಆ ಮೂಲೆಯ ಎಲೆಯನ್ನು ಮತ್ತೆ ಮತ್ತೆ ಗೆದ್ದುಕೊಂಡದ್ದು ರಷ್ಯಾದ ಎನಿಸೈ-ಎಸ್‌ಟಿಎಂ ತಂಡ. ಊರು ಕ್ರಾಸ್ನೊಯಾರ್ಸ್ಕ್. ಎಲ್ಲಿದೆ ಎಂದರೆ ಸೈಬೀರಿಯಾದಲ್ಲಿ, ಉರಲ್ ಪರ್ವತಗಳನ್ನು ದಾಟಿ ಬಹುದೂರ, ಶುದ್ಧ ಏಷ್ಯಾದಲ್ಲಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ನಕ್ಷೆಯಲ್ಲಿ ಅದು ಕೋಲ್ಕತ್ತಕ್ಕಿಂತಲೂ ಪೂರ್ವಕ್ಕೆ. ಈ ಲೆಕ್ಕದಲ್ಲಿ ಬೆಂಗಳೂರು, ಮಂಗಳೂರುಗಳೆಲ್ಲ ಅಪ್ಪಟ ಯುರೋಪು, ನಾವು ಅರ್ಜಿ ಹಾಕಿಲ್ಲ ಅಷ್ಟೇ.

ಹಿಂದೆ ತ್ಸಾರ್ ದೊರೆಗಳು ಆಗದವರನ್ನು ಸೈಬೀರಿಯಾಕ್ಕೆ ಅಟ್ಟುತ್ತಿದ್ದರು. 2015ರಲ್ಲಿ ಆ ಕೆಲಸವನ್ನು ವೇಳಾಪಟ್ಟಿಯೇ ಮಾಡಿತು. ಮೇ ತಿಂಗಳ ಪೂರಕ ಪರೀಕ್ಷೆಯಲ್ಲಿ ಸೋತ ಕೊನಾಕ್ಟ್, ನವೆಂಬರಿನಲ್ಲಿ ಕ್ರಾಸ್ನೊಯಾರ್ಸ್ಕ್‌ಗೆ ಹೊರಟಿತು. ಅಟ್ಲಾಂಟಿಕ್ ಕಡಲಿನ ಮಳೆಗಾಳಿಗೆ ಒಗ್ಗಿದ ಗಾಲ್ವೇ ಊರಿನ ಹುಡುಗರು ಹೆಪ್ಪುಗಟ್ಟಿಸುವ ಚಳಿಯಲ್ಲಿ ಚಡ್ಡಿ ತೊಟ್ಟು ಎಂಬತ್ತು ನಿಮಿಷ ಆಡಿದರು. 31-14ರಿಂದ ಗೆದ್ದರು. ಗೆದ್ದ ಮೇಲೆ ಶಿಕ್ಷೆ ಶುರುವಾಯಿತು. ವಿಮಾನ ಕೈಕೊಟ್ಟಿತು. ವಿಮಾನ ನಿಲ್ದಾಣದಲ್ಲಿ ಕಾದರು, ಮತ್ತೆ ಕಾದರು, ಕೊನೆಗೆ ಸಂತೆ ಮುಗಿಸಿ ಸಿಕ್ಕಿದ ಲಾರಿ ಹತ್ತುವವರ ಹಾಗೆ ಗುಂಪು ಗುಂಪಾಗಿ ಬೇರೆ ಬೇರೆ ದಾರಿಯಲ್ಲಿ ಮನೆ ಸೇರಿದರು. ಯುರೋಪಿನ ಏಕತೆ ಎಷ್ಟು ವಿಶಾಲವಾದದ್ದೆಂದು ಅವರಷ್ಟು ಚೆನ್ನಾಗಿ ತಿಳಿದವರು ಬ್ರಸೆಲ್ಸಿನಲ್ಲೂ ಇರಲಾರರು.

ಸೈಬೀರಿಯಾದವರು ಸುಮ್ಮನೆ ಸೋಲಲು ಬಂದವರಲ್ಲ. 2017ರ ಅಕ್ಟೋಬರಿನಲ್ಲಿ ಅದೇ ಊರಿನ ಇನ್ನೊಂದು ತಂಡ ಕ್ರಾಸ್ನಿ ಯಾರ್, ಹಾಲಿ ಚಾಂಪಿಯನ್ ಸ್ಟಾಡ್ ಫ್ರಾನ್ಸೆಯನ್ನೇ ಕೆಡವಿತು. ಪರೀಕ್ಷೆ ಬರೆದು ಬಂದವನು ಮೇಷ್ಟರನ್ನೇ ಸೋಲಿಸಿದರೆ ಏನು ಮಾಡಬೇಕೆಂದು ನಿಯಮಾವಳಿಯಲ್ಲಿ ಇರಲಿಲ್ಲ. ಏನೂ ಮಾಡಲಿಲ್ಲ.

ಸ್ಟಾಡ್ ಫ್ರಾನ್ಸೆಯ ಪಾತ್ರ ಇಲ್ಲಿಗೂ ಮುಗಿಯುವುದಿಲ್ಲ. ಕ್ಯಾಪ್ರಿ-ಸನ್ ಎಂಬ ಹಣ್ಣಿನ ಪಾನೀಯದ ಪೊಟ್ಟಣ ಮಾರಿ ಸಿರಿವಂತರಾದ ಹೈಡೆಲ್‌ಬರ್ಗಿನ ಹಾನ್ಸ್-ಪೀಟರ್ ವಿಲ್ಡ್ 2017ರಲ್ಲಿ ಆ ಕ್ಲಬ್ಬನ್ನು ಕೊಂಡರು. ಅವರು ತಮ್ಮೂರಿನ ಹೈಡೆಲ್‌ಬರ್ಗರ್ ಆರ್‌ಕೆ ಕ್ಲಬ್ಬಿಗೂ ದುಡ್ಡು ಹಾಕುತ್ತಿದ್ದವರು. 2018ರಲ್ಲಿ ಆ ಜರ್ಮನ್ ತಂಡ ಮೈದಾನದಲ್ಲಿ ಆಡಿ, ಗೆದ್ದು, ಚಾಲೆಂಜ್ ಕಪ್ಪಿಗೆ ಅರ್ಹತೆ ಪಡೆಯಿತು. ಆಗ ಕಚೇರಿಗೆ ಹಣ್ಣಿನ ರಸದ ವಾಸನೆ ಬಂತು. ಒಬ್ಬನೇ ಧಣಿಯ ನಂಟಿರುವ ಎರಡು ತಂಡ ಒಂದೇ ಪಂದ್ಯಾವಳಿಯಲ್ಲಿ ಇರಕೂಡದು ಎಂದು ಬಾಗಿಲು ಹಾಕಿದರು. ನಿಯಮ ಸರಿಯಾದದ್ದೇ, ನಾನೂ ಒಪ್ಪುತ್ತೇನೆ. ಆದರೆ ಧಣಿ ಯಾರೆಂಬುದು ಅರ್ಹತಾ ಪಂದ್ಯಗಳನ್ನು ಆಡಿಸುವ ಮೊದಲೇ ಊರಿಗೆಲ್ಲ ಗೊತ್ತಿತ್ತು. ಎಲೆಯ ಮುಂದೆ ಕೂರಿಸಿ, ನೀರು ಚಿಮುಕಿಸಲು ಹೇಳಿ, ಆಮೇಲೆ ಗೋತ್ರ ವಿಚಾರಿಸುವುದು ಯಾವ ಮರ್ಯಾದೆ?

ಖಾಲಿಯಾದ ಎಲೆಗೆ ರುಮೇನಿಯಾದ ಟಿಮಿಶೋರಾ ಸಾರಸೆನ್ಸ್ ತಂಡವನ್ನು ಕರೆತಂದರು. ಲಂಡನ್ನಿನ ಸಾರಸೆನ್ಸ್ ಕ್ಲಬ್ಬಿನ ನೆಂಟಸ್ತಿಕೆ ಇದರ ಹೆಸರಿನಲ್ಲೇ ಇತ್ತು. ಅದು ಬೇರೆ ಪಂಕ್ತಿಯ ನೆಂಟಸ್ತಿಕೆಯಾದ್ದರಿಂದ ದೋಷವಿಲ್ಲ. ಆ ಹಂಗಾಮಿನಲ್ಲಿ ನಾರ್ಥಾಂಪ್ಟನ್ ಅವರನ್ನು 111-3ರಿಂದ ಬಡಿಯಿತು. ನನ್ನ ಲಕ್ಷ್ಯವೆಲ್ಲ ಆ ಮೂರು ಅಂಕಗಳ ಮೇಲೆ. ನೂರು ದಾಟುವ ಹೊಡೆತ ಬೀಳುತ್ತಿರುವಾಗ ಗೋಲಿಗೆ ಗುರಿಯಿಟ್ಟು ಒಂದು ಒದೆತವನ್ನು ಕಂಬಗಳ ನಡುವೆ ದಾಟಿಸಿದನಲ್ಲ ಆ ಆಟಗಾರ, ಅವನಿಗೆ ಅರ್ಹತೆಯ ಪ್ರಮಾಣಪತ್ರವನ್ನು ಚೌಕಟ್ಟು ಹಾಕಿಸಿ ಕೊಡಬೇಕಿತ್ತು.

2019-20ರ ಚಾಲೆಂಜ್ ಕಪ್ಪಿನ ನಂತರ ಈ ಬಾಗಿಲನ್ನೇ ಮುಚ್ಚಿದರು. 2022ರಲ್ಲಿ ರಷ್ಯಾದ ತಂಡಗಳನ್ನು ಹೊರಗಿಟ್ಟದ್ದು ಯುದ್ಧದ ಕಾರಣಕ್ಕೆ, ಅದು ಬೇರೆ ಮಾತು. ನಲ್ಲಿಯ ಬಳಿಯ ಸಾಲು ಅಷ್ಟರೊಳಗೆ ಚದುರಿಯಾಗಿತ್ತು. ಈಗ ಅರ್ಹತಾ ಪಂದ್ಯಾವಳಿ ಇಲ್ಲ, ಆಮಂತ್ರಣ ಪತ್ರಿಕೆ ಇದೆ. 2023ರಿಂದ ಜಾರ್ಜಿಯಾದ ಬ್ಲ್ಯಾಕ್ ಲಯನ್ ಬರುತ್ತಿರುವುದು ಅದನ್ನು ಕೈಯಲ್ಲಿ ಹಿಡಿದೇ.

ಇತ್ತ ಒಳಗೆ ಕುಳಿತವರ ಪರೀಕ್ಷೆ ಸಲೀಸಾಗಿದೆ. 2020-21ರಿಂದ ಚಾಂಪಿಯನ್ಸ್ ಕಪ್ಪಿನಲ್ಲಿ ಮತ್ತೆ 24 ತಂಡ, 2023-24ರಿಂದ ಆರರಂತೆ ನಾಲ್ಕು ಗುಂಪು. ಪ್ರತಿ ಗುಂಪಿನ ನಾಲ್ಕು ತಂಡ ಮುಂದಿನ ಸುತ್ತಿಗೆ. ಐದನೆಯದಕ್ಕೂ ಎಲೆ ಉಂಟು, ಚಾಲೆಂಜ್ ಕಪ್ಪಿನಲ್ಲಿ. 48 ಪಂದ್ಯ ಆಡಿಸಿ ಮನೆಗೆ ಕಳಿಸುವುದು ನಾಲ್ಕೇ ತಂಡಗಳನ್ನು. 2024-25ರಲ್ಲಿ ಐರ್ಲೆಂಡಿನ ಅಲ್‌ಸ್ಟರ್ ತಂಡ ನಾಲ್ಕರಲ್ಲಿ ಮೂರು ಸೋತೂ ಕೊನೆಯ ಹದಿನಾರರಲ್ಲಿ ಸ್ಥಾನ ಪಡೆಯಿತು. ಶೇಕಡಾ 25! ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 34 ತೆಗೆದವನೂ ಅಪ್ಪನ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದ.

2022-23ರಿಂದ ದಕ್ಷಿಣ ಆಫ್ರಿಕಾದ ತಂಡಗಳೂ ಯುರೋಪಿನವೇ. 2024ರ ಮೇ ತಿಂಗಳಲ್ಲಿ ಡರ್ಬನ್ನಿನ ಶಾರ್ಕ್ಸ್ ಲಂಡನ್ನಿಗೆ ಬಂದು ಯುರೋಪಿನ ಚಾಲೆಂಜ್ ಕಪ್ ಎತ್ತಿಕೊಂಡು ಹೋದರು. ಫೈನಲ್ಲಿನಲ್ಲಿ ಸೋತದ್ದು ನಮ್ಮ ಹಳೆಯ ಪರೀಕ್ಷಾರ್ಥಿ ಗ್ಲಾಸ್ಟರ್. ಚೀತಾಸ್ ಎಂಬ ಇನ್ನೊಂದು ತಂಡದ ಊರು ಬ್ಲೂಮ್‌ಫಾಂಟೇನ್. 2022-23ರಲ್ಲಿ ಅದನ್ನೂ ಆಮಂತ್ರಿಸಿದರು. ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಅದರ ತವರಿನ ಪಂದ್ಯಗಳನ್ನು ಇಟಲಿಯ ಪಾರ್ಮಾದಲ್ಲಿ ಆಡಿಸಿದರು. ಪಾರ್ಮಾದ ಆ ಮೈದಾನ ಯಾರ ಮನೆಯಂಗಳ ಗೊತ್ತೇ? ಜೆಬ್ರೆಯದು. ಆಫ್ರಿಕಾದ ಹುಲ್ಲುಗಾವಲಿನಲ್ಲಿ ಚೀತಾ ಕಂಡರೆ ಓಟ ಕೀಳುವ ಜೀಬ್ರಾ, ಯುರೋಪಿನಲ್ಲಿ ಅದಕ್ಕೇ ಮನೆ ಬಾಡಿಗೆಗೆ ಕೊಟ್ಟಿತ್ತು.