ನನ್ನ ಕೀಬೋರ್ಡು ಬೇರೆ ಕಡೆ ಯುದ್ಧಕ್ಕೆ ಹೋಯಿತು

ಪರದೇಶದಲ್ಲಿರುವ ಸೈನಿಕರನ್ನು ನಗಿಸುವುದು ಅಂದರೆ ಅಮೆರಿಕದವರಿಗೆ ಮೊದಲು ನೆನಪಾಗುವುದು ಹಾಸ್ಯನಟ ಬಾಬ್ ಹೋಪ್. 1941ರಲ್ಲಿ ಕ್ಯಾಲಿಫೋರ್ನಿಯಾದ ವಾಯುನೆಲೆಯೊಂದರಲ್ಲಿ ಶುರು ಮಾಡಿದ ಆಸಾಮಿ, 1990ರ ಕ್ರಿಸ್‌ಮಸ್‌ಗೂ ಸೌದಿ ಅರೇಬಿಯಾಕ್ಕೆ ಹೋಗಿ ಜೋಕು ಹೇಳಿದ. ಸಿನಿಮಾ ನಟಿ ಮರ್ಲಿನ್ ಮನ್ರೋ 1954ರ ಫೆಬ್ರವರಿಯಲ್ಲಿ ಕೊರಿಯಾದ ಕೊರೆಯುವ ಚಳಿಯಲ್ಲಿ ತೆಳು ಉಡುಪು ತೊಟ್ಟು ಹಾಡಿದಳು. ಈ ಸಾಲಿನ ಕೊನೇ ಬೆಂಚಿನಲ್ಲಿ ನಾನೂ ಇದ್ದೇನೆ. ಊರು ಹಾಸನ, ಇರುವುದು ನ್ಯೂಜೆರ್ಸಿ, ಕೆಲಸ ಹಳೇ ರಾಕ್ ಹಾಡು ಬಾರಿಸುವ ಬ್ಯಾಂಡಿನಲ್ಲಿ ಕೀಬೋರ್ಡು. ಹೆಸರು ಮಾಡಿದವರು ದೊಡ್ಡ ನೆಲೆಗಳಿಗೆ ಹೋಗುತ್ತಿದ್ದರು. ನಮ್ಮಂಥವರ ಪಾಲಿಗೆ ಬರುತ್ತಿದ್ದದ್ದು, 2021ರವರೆಗೆ ಅಮೆರಿಕದ ಸೈನ್ಯವಿದ್ದ ಅಫ್ಘಾನಿಸ್ತಾನದ ಮೂಲೆಯ ಕ್ಯಾಂಪುಗಳು.

ಹೋಗಿದ್ದು ಸಿ-130 ಅನ್ನುವ ಸೈನ್ಯದ ಸರಕು ವಿಮಾನದಲ್ಲಿ. ಗೋಡೆಗೆ ಒರಗಿ, ಪಟ್ಟಿ ಹೆಣೆದ ಸೀಟಿನಲ್ಲಿ ಸಾಲಾಗಿ ಕೂರಬೇಕು. ಮೈಮೇಲೆ 12-13 ಕಿಲೋ ಗುಂಡುನಿರೋಧಕ ಕವಚ, ತಲೆಗೆ ಹೆಲ್ಮೆಟ್ಟು, ಕಿವಿಗೆ ಬಿರಡೆ. ಆ ಸದ್ದಿನಲ್ಲಿ ಮಾತು ಸಾಧ್ಯವೇ ಇಲ್ಲ. ನಮ್ಮ ಗಾಯಕ ಕೈಸನ್ನೆಯಲ್ಲಿ ಶೌಚಾಲಯ ಎಲ್ಲಿ ಅಂತ ಕೇಳಿದ. ಸಿಬ್ಬಂದಿ ಹಿಂಬದಿಯ ಒಂದು ಪರದೆ ತೋರಿಸಿದರು. ಹೋಗಿ ಇಣುಕಿದವನು ಹಾಗೇ ವಾಪಸ್ ಬಂದು ಕೂತ. ಇಳಿಯುವವರೆಗೂ ಯಾರ ಮುಖವನ್ನೂ ನೋಡಲಿಲ್ಲ.

ಇಂಥ ಪ್ರಯಾಣದಲ್ಲಿ ಲಗೇಜನ್ನೆಲ್ಲ ದೊಡ್ಡ ಹಲಗೆಯ ಮೇಲೆ ಪೇರಿಸಿ, ಬಲೆ ಬಿಗಿದು, ವಿಮಾನದ ಹಿಂಬಾಗಿಲಿನಿಂದ ಒಳಗೆ ನೂಕುತ್ತಾರೆ. ಇಳಿದು ನೋಡಿದರೆ ನಮ್ಮ ಹಲಗೆಯಲ್ಲಿ ಟ್ರಕ್ಕಿನ ಟೈರುಗಳು. ಡ್ರಮ್ಮು, ಗಿಟಾರು, ನನ್ನ ಕೀಬೋರ್ಡು ಎಲ್ಲ ಇನ್ನೊಂದು ಕ್ಯಾಂಪಿಗೆ ಹೋಗಿದ್ದವು. ಎರಡನೇ ಮಹಾಯುದ್ಧದಲ್ಲಿ ಸ್ಟೈನ್‌ವೇ ಕಂಪನಿ ಸೈನ್ಯಕ್ಕೆಂದೇ ಹಸಿರು ಬಳಿದ ಪಿಯಾನೋ ಮಾಡಿತ್ತು. ಹುಳ ಹಿಡಿಯದ, ತೇವಕ್ಕೆ ಅಂಟು ಬಿಡದ 2,000ಕ್ಕೂ ಹೆಚ್ಚು ಪಿಯಾನೋಗಳು. ಕೆಲವನ್ನು ಪ್ಯಾರಾಚೂಟ್ ಕಟ್ಟಿ ಇಳಿಸಿದ್ದರಂತೆ. ಆಕಾಶದಿಂದ ಪಿಯಾನೋ ಉದುರಿಸಿದ ದೇಶಕ್ಕೆ ನನ್ನ ಒಂದು ಕೀಬೋರ್ಡು ತಲುಪಿಸೋಕೆ ಆಗಲಿಲ್ಲ, ನೋಡಿ!

ಗಿಟಾರು ಸೈನಿಕರ ಹತ್ತಿರವೇ ಸಿಕ್ಕಿತು. ಡ್ರಮ್ಮಿನ ಬದಲು ಮದ್ದುಗುಂಡಿನ ಖಾಲಿ ಡಬ್ಬಿಗಳು. ಕೀಬೋರ್ಡು ಕೊಟ್ಟವರು ಕ್ಯಾಂಪಿನ ಪಾದ್ರಿ. “ಬಿಯರ್ ಚೆಲ್ಲಬೇಡಿ” ಅಂದು ತಾವೇ ನಕ್ಕರು. ಅಲ್ಲಿ ಅಮೆರಿಕದ ಸೈನಿಕರು ಮದ್ಯ ಮುಟ್ಟುವ ಹಾಗಿರಲಿಲ್ಲ, ಚೆಲ್ಲೋಕೆ ಎಲ್ಲಿಂದ ತರೋಣ? ಆ ಕೀಬೋರ್ಡಿನಲ್ಲಿ ವಾದ್ಯದ ದನಿ ಬದಲಿಸುವ ಗುಂಡಿಯೇ ಕಿತ್ತುಹೋಗಿತ್ತು. ಏನು ಒತ್ತಿದರೂ ಇಗರ್ಜಿಯ ಆರ್ಗನ್ನು.

ಸಂಜೆ ಲಾರಿಯ ಹಿಂಭಾಗವೇ ವೇದಿಕೆ. ಮುಂದೆ ಕೂತವರೆಲ್ಲರ ತೊಡೆ ಮೇಲೂ ಬಂದೂಕು. ವಿಮರ್ಶಕರು ಬಂದೂಕು ಇಟ್ಟುಕೊಂಡು ಕೂತರೆ ಕಲಾವಿದ ಎಷ್ಟು ಶ್ರದ್ಧೆಯಿಂದ ಬಾರಿಸುತ್ತಾನೆ ಅಂತ ಅವತ್ತು ಗೊತ್ತಾಯಿತು. ಮೊದಲ ಹಾಡಿಗೆ ನಾನು ಆರ್ಗನ್ ಎಳೆದದ್ದೇ ತಡ, ಮುಂದಿನ ಸಾಲಿನ ಸಾರ್ಜೆಂಟ್ ಟೋಪಿ ತೆಗೆದು ತಲೆ ಬಗ್ಗಿಸಿದ. ಪಕ್ಕದವರೂ ಬಗ್ಗಿಸಿದರು. ಗಾಯಕ ಕಿರುಚಿದ ಮೇಲೇ ಅದು ಪ್ರಾರ್ಥನೆಯಲ್ಲ ಅಂತ ತಿಳಿದದ್ದು.

ಬಾಬ್ ಹೋಪ್ ಹೋಗುವ ಮೊದಲೇ ಅವನ ಬರಹಗಾರರು ಆಯಾ ಕ್ಯಾಂಪಿನ ಗಾಸಿಪ್ಪು ಸಂಗ್ರಹಿಸುತ್ತಿದ್ದರು. ಅಧಿಕಾರಿಯ ಕಾಲೆಳೆದರೆ ಸೈನಿಕನಿಗೆ ಸ್ವರ್ಗ. ನಮಗೆ ಬರಹಗಾರರು ಬೇಕಾಗಲಿಲ್ಲ. ಕತ್ತಲಾದ ಮೇಲೆ ಎಲ್ಲರೂ ಮಿರಮಿರ ಹೊಳೆಯುವ ಬೆಲ್ಟು ಕಟ್ಟಲೇಬೇಕು ಅಂತ ಅಲ್ಲಿ ನಿಯಮವಿತ್ತು. ಹಾಕಿಕೊಂಡ ಬಟ್ಟೆ ಶತ್ರುವಿಗೆ ಕಾಣದ ಬಣ್ಣದ್ದು, ಅದರ ಮೇಲೆ ಊರಿಗೆಲ್ಲ ಕಾಣುವ ಬೆಲ್ಟು! ಯಾರೋ ಅಧಿಕಾರಿ ಬಂದು, ಹಾಡಿನ ಮಧ್ಯದಲ್ಲೇ ನನ್ನ ಸೊಂಟಕ್ಕೂ ಒಂದು ಕಟ್ಟಿ ಹೋದರು. ಅವತ್ತಿನ ಅತಿ ದೊಡ್ಡ ಚಪ್ಪಾಳೆ ಅದಕ್ಕೇ. ನಮ್ಮ ಸಂಗೀತಕ್ಕಿಂತ ನಮ್ಮ ಪಾಡು ಅವರಿಗೆ ಜಾಸ್ತಿ ಹಿಡಿಸಿತ್ತು. ತಿಂಗಳುಗಟ್ಟಲೆ ತಾವೇ ಪಾಡು ಪಟ್ಟವರು, ಒಂದು ಸಂಜೆ ಬೇರೆಯವರದ್ದು ನೋಡಿ ನಗಲಿ ಬಿಡಿ.

ಊಟದ ಹಾಲಿನಲ್ಲಿ ಬಡಿಸುವವರಲ್ಲಿ ನಮ್ಮ ದೇಶದವರೂ ಇದ್ದರು. ಒಬ್ಬರು ನನ್ನನ್ನೇ ದಿಟ್ಟಿಸಿ, “ನೀವು ಕರ್ನಾಟಕವಾ ಮಾರಾಯ್ರೆ?” ಅಂದರು. ಮಂಗಳೂರಿನವರು. ಬಟಾಣಿ ಬೇಯಿಸಿದ್ದನ್ನು ಪಕ್ಕಕ್ಕೆ ತಳ್ಳಿ, ಒಳಗಿನಿಂದ ಮಾವಿನಮಿಡಿ ಉಪ್ಪಿನಕಾಯಿ ತಂದು ತಟ್ಟೆಗೆ ಹಾಕಿದರು. ಆಮೇಲೆ ಮೆಲ್ಲಗೆ, “ಗಿಟಾರು ಚಂದ ಇತ್ತು. ನಿಮ್ಮದು ಎಂತ, ಪೂಜೆಯಾ?” ಅಂದರು.

ಪಾದ್ರಿಗೆ ಮಾತ್ರ ನನ್ನ ಕೈಚಳಕ ತುಂಬಾ ಇಷ್ಟವಾಗಿತ್ತು. ಭಾನುವಾರದವರೆಗೂ ಇರಬಾರದೇ ಅಂತ ಕೇಳಿದರು. ಇಲ್ಲ, ನಾಳೆಯೇ ವಿಮಾನ ಅಂದೆ. ಧೂಳಿನ ಬಿರುಗಾಳಿ ಎದ್ದು ವಿಮಾನ ಬರಲೇ ಇಲ್ಲ. ಭಾನುವಾರ ಬೆಲ್ಟು ಕಟ್ಟಿಕೊಂಡೇ ಬಾರಿಸಿದೆ.