ಮೆರವಣಿಗೆ ಮುಗಿದ ಮೇಲಿನ ಕೆಲಸ ಯಾರದು?

ದೊಡ್ಡ ಪ್ರತಿಭಟನೆ ನಡೆದ ಮರುವಾರ ಒಂದು ಮಾತು ಬಂದೇ ಬರುತ್ತದೆ. "ಅಷ್ಟು ಜನ ಸೇರಿದ್ರಲ್ಲ, ಆಮೇಲೆ ಏನಾಯ್ತು?" ಕೇಳುವವರಲ್ಲಿ ಸುಮಾರು ಜನರಿಗೆ ಉತ್ತರ ಬೇಕಿರುವುದಿಲ್ಲ, ಸುಮ್ನೆ ಕೊಂಕು. ಆದರೂ ಪ್ರಶ್ನೆ ತಪ್ಪಲ್ಲ. ಹೆಣ್ಣುಮಕ್ಕಳ ಹಕ್ಕಿಗಾಗಿ ಬೀದಿಗಿಳಿದ ನಾವೇ ಅದನ್ನು ಕೇಳಿಕೊಳ್ಳಬೇಕು.

ನನಗನಿಸುವುದು ಇಷ್ಟು. ಜನ ಚದುರಿದ್ದರಿಂದ ಹೋರಾಟ ಸೋಲುವುದಿಲ್ಲ. ಜನ ಚದುರಲೇಬೇಕು, ಅವರಿಗೂ ಮನೆ, ಕೆಲಸ ಇರುತ್ತವೆ. ಚದುರುವ ಮೊದಲು ಯಾರು ಏನು ಮಾಡಬೇಕು ಅಂತ ಹಂಚಿಕೊಳ್ಳದಿದ್ದರೆ ಮಾತ್ರ ಕಷ್ಟ.

ಅರ್ಜೆಂಟೀನಾವನ್ನೇ ನೋಡಿ. ಗರ್ಭಪಾತದ ಹಕ್ಕು ಕೇಳಿ 2018ರಲ್ಲಿ ಹಸಿರು ಕರವಸ್ತ್ರ ಹಿಡಿದು ಸಂಸತ್ತಿನ ಮುಂದೆ ಸೇರಿದ ಹೆಂಗಸರ ಫೋಟೊ ನಿಮಗೂ ನೆನಪಿರಬಹುದು. ಆ ವರ್ಷದ ಆಗಸ್ಟ್‌ನಲ್ಲಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಮಸೂದೆಯನ್ನು ತಿರಸ್ಕರಿಸಿತು. ಅಷ್ಟು ದೊಡ್ಡ ಜನಸಾಗರ ಸೇರಿಯೂ ಸೋಲು! ಆದರೆ ಇದೇ ಬೇಡಿಕೆಗಾಗಿ ಅಲ್ಲಿ 2005ರಿಂದ ಒಂದು ರಾಷ್ಟ್ರೀಯ ಅಭಿಯಾನ ನಡೆಯುತ್ತಿತ್ತು. ಮಸೂದೆ ಬಿದ್ದಾಗಲೆಲ್ಲ ಮತ್ತೆ ಬರೆದು ಮಂಡಿಸುವುದೇ ಅವರ ಕೆಲಸ. ಅದಕ್ಕೂ ಮೊದಲೇ, 1986ರಿಂದ, ವರ್ಷಕ್ಕೊಂದು ಊರಿನಲ್ಲಿ ಮಹಿಳೆಯರು ಸೇರಿ ಮಾತಾಡುವ ರೂಢಿ ಬೆಳೆದಿತ್ತು. 2020ರ ಡಿಸೆಂಬರ್ 30ರಂದು ಅದೇ ಸೆನೆಟ್ ಒಪ್ಪಿಕೊಂಡಿತು. ನಾವು ನೋಡಿದ್ದು ಫೋಟೊ. ಗೆಲ್ಲಿಸಿದ್ದು ಫೋಟೊಗೆ ಸಿಗದ ಆ ವರ್ಷಗಳು.

ಸಂಘಟನೆ ಇದ್ದರೆ ಗೆಲುವು ಖಂಡಿತ ಅಂತಲೂ ಅಲ್ಲ. ಪೋಲೆಂಡ್‌ನಲ್ಲಿ 2016ರ ಅಕ್ಟೋಬರ್ 3ರಂದು ಹೆಂಗಸರು ಕಪ್ಪು ಬಟ್ಟೆ ತೊಟ್ಟು ಬೀದಿಗೆ ಬಂದರು. ಗರ್ಭಪಾತವನ್ನು ಬಹುತೇಕ ಪೂರ್ತಿ ನಿಷೇಧಿಸುವ ಮಸೂದೆ ಮೂರೇ ದಿನದಲ್ಲಿ ಸಂಸತ್ತಿನಲ್ಲಿ ಬಿದ್ದುಹೋಯಿತು. ನಾಲ್ಕು ವರ್ಷದ ಬಳಿಕ ಅದೇ ಬಗೆಯ ನಿರ್ಬಂಧ ಸಂವಿಧಾನ ನ್ಯಾಯಮಂಡಳಿಯ ತೀರ್ಪಿನ ರೂಪದಲ್ಲಿ ಬಂತು. ಮುಂಬಾಗಿಲು ಮುಚ್ಚಿದಾಗ ಹಿತ್ತಿಲಿನಿಂದ ಬಂದ ಹಾಗೆ. ಬೀದಿಗಳು ಇನ್ನೂ ಜೋರಾಗಿ ತುಂಬಿದವು. ತೀರ್ಪು ಮಾತ್ರ ಜಾರಿಯಾಯಿತು. ಗೆದ್ದ ಮೇಲೂ ಯಾರಾದರೂ ಎಚ್ಚರವಾಗಿರಲೇಬೇಕು ಅನ್ನುವುದು ಇದಕ್ಕೇ.

ಈಗ ಆ "ಯಾರಾದರೂ" ಬಗ್ಗೆ. ಮೆರವಣಿಗೆಯಲ್ಲಿ ಮೈಕ್ ಹಿಡಿಯಲು ಬೇಕಾದಷ್ಟು ಜನ ಸಿಗುತ್ತಾರೆ. ಮರುದಿನ ಬಂದವರ ಫೋನ್ ನಂಬರ್ ಪಟ್ಟಿ ಮಾಡುವವರು? ಸಭೆಯ ನಡಾವಳಿ ಬರೆಯುವವರು? ದೂರು ಕೊಟ್ಟ ಹುಡುಗಿಯ ಜೊತೆ ಪ್ರತಿ ವಾಯಿದೆಗೂ ಕೋರ್ಟಿಗೆ ಹೋಗಿ, ವಾಯಿದೆ ಮುಂದಕ್ಕೆ ಹೋಯಿತು ಅಂತ ಕೇಳಿಸಿಕೊಂಡು, ಅವಳ ಜೊತೆಗೇ ವಾಪಸ್ ಬರುವವರು? ಎಲ್ಲ ಕಡೆಯೂ ಅದೇ ಮೂರು ನಾಲ್ಕು ಹೆಂಗಸರು. ಮನೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಕೆಲಸ ಅವರ ತಲೆಗೆ. ಸಂಘಟನೆಯಲ್ಲೂ ಅಂಥದೇ ಕೆಲಸ ಅವರ ತಲೆಗೆ! ಎರಡು ವರ್ಷದಲ್ಲಿ ದಣಿದು ಸುಮ್ಮನಾದರೆ "ಚಳವಳಿ ತಣ್ಣಗಾಯ್ತು" ಅನ್ನುತ್ತೇವೆ. ತಣ್ಣಗಾಗಿದ್ದು ಚಳವಳಿಯಲ್ಲ, ಅವರಿಗೆ ಕೈಜೋಡಿಸುವವರು ಇರಲಿಲ್ಲ. ಸರದಿ ಪ್ರಕಾರ ಕೆಲಸ ಬದಲಾಗಬೇಕು. ಸಭೆಗೆ ಬರುವ ತಾಯಂದಿರ ಮಕ್ಕಳನ್ನು ಅಷ್ಟು ಹೊತ್ತು ನೋಡಿಕೊಳ್ಳುವವರು ಬೇಕು. ಫಲಕ ಹಿಡಿದು ಸೆಲ್ಫಿ ಹಾಕಿದ ಗಂಡಸರು ಈ ಕೆಲಸಕ್ಕೆ ಹೆಸರು ಕೊಡಬಹುದಲ್ವಾ?

ಕಾನೂನು ಬಂದ ಮೇಲೂ ಇದೇ ಕಥೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಭಾರತದ ಸುಪ್ರೀಂ ಕೋರ್ಟ್ ವಿಶಾಖಾ ಮಾರ್ಗಸೂಚಿ ಕೊಟ್ಟಿದ್ದು 1997ರಲ್ಲಿ. ಸಂಸತ್ತು ಕಾನೂನು ಮಾಡಿದ್ದು 2013ರಲ್ಲಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಬೇಕು. "ನಮ್ಮಲ್ಲಿ ಸಮಿತಿ ಇದೆಯಾ? ಹೊರಗಿನ ಸದಸ್ಯರು ಯಾರು?" ಅಂತ ಕೇಳಲು ಘೋಷಣೆ ಕೂಗಬೇಕಿಲ್ಲ. ಒಂದು ಇಮೇಲ್ ಸಾಕು. ಆದರೆ ಕಳಿಸುವವರು ಬೇಕು.

ಬೇಗ ಫಲ ಬರಬೇಕು ಅನ್ನುವವರು ಐಸ್‌ಲ್ಯಾಂಡ್ ನೋಡಬೇಕು. 1975ರ ಅಕ್ಟೋಬರ್ 24ರಂದು ಅಲ್ಲಿನ ಶೇ. 90ರಷ್ಟು ಮಹಿಳೆಯರು ಕಚೇರಿ ಕೆಲಸ, ಮನೆಗೆಲಸ ಎರಡನ್ನೂ ಬಿಟ್ಟರು. ಮರುವರ್ಷ ಸಮಾನತೆಯ ಕಾನೂನು ಬಂತು. ಅಷ್ಟಕ್ಕೇ ಬಿಡಲಿಲ್ಲ. 2005ರ ಅದೇ ದಿನ ಮಧ್ಯಾಹ್ನ 2:08ಕ್ಕೆ ಕೆಲಸ ನಿಲ್ಲಿಸಿ ಹೊರನಡೆದರು. ಗಂಡಸರ ಸಂಬಳಕ್ಕೆ ಹೋಲಿಸಿದರೆ ಆ ಹೊತ್ತಿನಿಂದಾಚೆ ತಮ್ಮದು ಬಿಟ್ಟಿ ದುಡಿಮೆ ಅನ್ನುವ ಲೆಕ್ಕ. 2010ರಲ್ಲಿ 2:25ಕ್ಕೆ, 2016ರಲ್ಲಿ 2:38ಕ್ಕೆ. ಹನ್ನೊಂದು ವರ್ಷಕ್ಕೆ ಅರ್ಧ ಗಂಟೆ! 2023ರಲ್ಲಿ ಮತ್ತೆ ಇಡೀ ದಿನದ ಮುಷ್ಕರ ಹೂಡಿದರು. ಆಗಿನ ಪ್ರಧಾನಿಯೂ ಮಹಿಳೆ. ಅವರೂ ಮುಷ್ಕರ ಸೇರಿದ್ದರು.