ಡೆಕ್ಕೋ ಲಂಡನ್‌ದ್ದಲ್ರೀ, ನಮ್ಮ ಕಡೆದ್ದ

ಸರ್, ಲೇಖನ ಚೊಲೋ ಐತಿ, ಆದ್ರ 'ಹ್ಯಾವ್ ಎ ಡೆಕ್ಕೋ' ಅಂದ್ರ ಒಂದ್ಸಲ ನೋಡು ಅನ್ನೋ ಇಂಗ್ಲಿಷ್ ಆಡುಮಾತು ಲಂಡನ್ ಗಲ್ಲಿಯೊಳಗ ಹುಟ್ಟಿದ್ದು ಅಂತ ಬರದೀರಲ್ಲ, ಅದೊಂದು ನಾ ಒಪ್ಪಂಗಿಲ್ಲ ನೋಡ್ರಿ. ಅದು ಹಿಂದಿ 'ದೇಖೋ'ನ ಐತಿ. 19ನೇ ಶತಮಾನದ ಕೊನಿಗೆ ಇಂಡಿಯಾದಾಗಿದ್ದ ಬ್ರಿಟಿಷ್ ಸೋಲ್ಜರ್ ಮಂದಿ ಬಾಯಾಗ ಹತ್ತಿ ಅವರ ಸಂಗಾಟ ಇಂಗ್ಲೆಂಡಿಗೆ ಹೋತು. ಮಜಾ ಏನಂದ್ರ ದೇಖೋ ಅಂದ್ರ 'ನೋಡು' ಅಂತ ಹೇಳೋದು, ಅವರು ಅದನ್ನ ನಾಮಪದ ಮಾಡಿ 'ಒಂದು ಡೆಕ್ಕೋ ತಗೋ' ಅಂದ್ರು, ನಾವು 'ಒಂದು ನೋಡ್ರಿ ಕೊಡ್ರಿ' ಅಂದಂಗಾತು ಹಹಹ.

ನಮ್ಮ ಬೆಳಗಾವಿ ಕ್ಯಾಂಪ್, ಅಂದ್ರ ದಂಡಿನ ಪ್ರದೇಶದ ಕಡೆ ಬಂದ್ರ ನಿಮಗ ಗೊತ್ತಾಕೈತಿ, ಒಬ್ಬನ ಅಂಗಡಿಯಾಂವ ಒಬ್ಬರಿಗೆ ಮರಾಠಿಯೊಳಗ 'ಬಘಾ' ಅಂತಾನ, ಇನ್ನೊಬ್ಬರಿಗೆ 'ದೇಖೋ ಭಾಯಿ', ನಮಗ 'ನೋಡ್ರಿಯಪಾ', ಎಲ್ಲಾ ಒಂದ ಉಸುರಿನ್ಯಾಗ. ಡೆಕ್ಕೋ ಇಲ್ಲೇ ಹುಟ್ಟೇತಿ ಅಂತ ನಾ ಅನ್ನಂಗಿಲ್ಲ ಮತ್ತ, ಆದ್ರ ದಂಡು ಇದ್ದ ಊರಾಗ ಭಾಷಾ ಹೆಂಗ ಒಂದರಾಗೊಂದು ಬೆರೀತಾವು ಅನ್ನೋದು ಇಲ್ಲಿ ದಿನಾ ಕಾಣತೈತಿ.

ಖರೇ ಲಂಡನ್ ಮಾಲು ಬೇಕಂದ್ರ 'ಬುಚರ್ಸ್' ಐತಿ, ಅದಕ್ಕೂ 'ಲುಕ್' ಅಂದ್ರ ನೋಡೂದು ಅಂತನ ಅರ್ಥ. ಬುಚರ್ಸ್ ಹುಕ್ ಅಂದ್ರ ಖಾಟಿಕರು ಮಾಂಸ ತೂಗ ಹಾಕೋ ಕೊಕ್ಕಿ, ಹುಕ್‌ಗೆ ಲುಕ್ ಪ್ರಾಸ ಕೂಡ್ತು, ಆಮ್ಯಾಲ ಹುಕ್ ಬಿಟ್ಟು ಬರೇ ಬುಚರ್ಸ್ ಉಳೀತು. 'ಶುಫ್ಟಿ' ಅಂತ ಅದ ಅರ್ಥದ್ದು ಇನ್ನೊಂದು ಐತಿ, ಅದೂ ಸೋಲ್ಜರ್ ಮಂದೀದ, ಆದ್ರ ಅರಬ್ಬಿಯಿಂದ ಬಂದದ್ದು.

ಮತ್ತ ಡೆಕ್ಕೋಕ್ಕ ಕನ್ನಡದಾಗ 'ನೋಟ' ಅಂತ ಹಾಕೀರಿ, ಭಾಳ ಗಂಭೀರ ಆತ್ರಿ, ನಮ್ಮ 'ಹಣಿಕಿ ಹಾಕೂದು' ಇದಕ್ಕ ಬರೋಬ್ಬರಿ ಹೊಂದತೈತಿ, ತಿದ್ದಿ ಹಾಕ್ರಿ.